ಭಾನುವಾರದ ವಿಶ್ರಾಂತಿ ಯಾರಿಗೆ?

ವಾರವಿಡೀ ದುಡಿದವರಿಗೆ ಭಾನುವಾರ ಬಂತೆಂದರೆ ಒಂದು ನೆಮ್ಮದಿ. ಬೆಳಗಿನ ಬಲಿಪೂಜೆ ಮುಗಿಸಿ ಬಂದ ಯಜಮಾನರು ಪತ್ರಿಕೆ ಹಿಡಿದು ಕೂರುತ್ತಾರೆ. ಮಕ್ಕಳು ಟಿ.ವಿ. ಮುಂದೆ, ಇಲ್ಲವೇ ಮೊಬೈಲ್ ಹಿಡಿದು ಮೂಲೆಯಲ್ಲಿ. ಮನೆಯೊಡತಿ ಮಾತ್ರ ದೇವಾಲಯಕ್ಕೆ ಉಟ್ಟುಹೋದ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಲೆಯ ಮುಂದೆ ನಿಲ್ಲುತ್ತಾಳೆ. ಭಾನುವಾರವೆಂದರೆ ಮಾಂಸದಡುಗೆ, ಮಸಾಲೆ ರುಬ್ಬಬೇಕು, ನೆಂಟರು ಬಂದರೆ ಇನ್ನೆರಡು ಪಾವು ಅಕ್ಕಿ ಹಾಕಬೇಕು. ಪಾತ್ರೆ ತೊಳೆದು ಅವಳು ಕೂರುವಾಗ ಗಂಟೆ ಮೂರು. ಸಂಜೆ ಜಪಸರಕ್ಕೆ ಕುಳಿತರೆ ಎರಡನೆಯ ರಹಸ್ಯ ಮುಗಿಯುವ ಮೊದಲೇ ತೂಕಡಿಕೆ.

ಇಂಥ ಒಬ್ಬ ತಾಯಿ ಒಮ್ಮೆ ದೇವಾಲಯದ ಅಂಗಳದಲ್ಲಿ ನನ್ನನ್ನು ನಿಲ್ಲಿಸಿ, "ಪ್ರಾರ್ಥನೆಯಲ್ಲಿ ನಿದ್ದೆ ಬರುತ್ತದಲ್ಲ, ಇದು ಪಾಪವೇ?" ಎಂದು ಕೇಳಿದರು. ಲಿಸಿಯೂವಿನ ಸಂತ ತೆರೇಸಮ್ಮನವರಿಗೂ ಪ್ರಾರ್ಥನೆಯ ವೇಳೆ ನಿದ್ದೆ ಬರುತ್ತಿತ್ತು. ಮಲಗಿರುವ ಮಗುವನ್ನೂ ಹೆತ್ತವರು ಪ್ರೀತಿಸುತ್ತಾರಲ್ಲವೇ ಎಂದು ಅವರು ಸಮಾಧಾನ ತಂದುಕೊಂಡಿದ್ದರು ಎಂದು ಹೇಳಿ ಕಳುಹಿಸಿದೆ. ಆದರೆ ಮನೆಗೆ ಬಂದು ಯೋಚಿಸಿದಾಗ ನಾನು ಅರ್ಧ ಉತ್ತರವನ್ನಷ್ಟೇ ಕೊಟ್ಟೆನೆನಿಸಿತು. ಆ ಪ್ರಶ್ನೆಯನ್ನು ಕೇಳಬೇಕಾದದ್ದು ಅವರ ಮನೆಯವರನ್ನು.

ಹತ್ತು ಕಟ್ಟಳೆಗಳಲ್ಲಿ ಒಂದಾಗಿ ಸಬ್ಬತ್ತಿನ ಕಟ್ಟಳೆ ಪವಿತ್ರ ಬೈಬಲಿನಲ್ಲಿ ಎರಡು ಕಡೆ ಬರುತ್ತದೆ. ವಿಮೋಚನಾಕಾಂಡದ 20ನೆಯ ಅಧ್ಯಾಯ ಕೊಡುವ ಕಾರಣ, ದೇವರು ಆರು ದಿನ ಸೃಷ್ಟಿಸಿ ಏಳನೆಯ ದಿನ ವಿಶ್ರಮಿಸಿದರು ಎಂಬುದು. ಇದು ನಮಗೆಲ್ಲ ಗೊತ್ತು. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯದ ಕಾರಣವೇ ಬೇರೆ: ನೀವು ಈಜಿಪ್ಟಿನಲ್ಲಿ ಗುಲಾಮರಾಗಿದ್ದಿರಿ, ಅದನ್ನು ಮರೆಯಬೇಡಿ. ಆದ್ದರಿಂದ ಮಗ, ಮಗಳು, ಆಳು, ದಾಸಿ, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ ಎಲ್ಲರಿಗೂ ಆ ದಿನ ಬಿಡುವು; ನಿಮ್ಮ ಆಳುಗಳೂ ನಿಮ್ಮ ಹಾಗೆಯೇ ದಣಿವಾರಿಸಿಕೊಳ್ಳಲಿ ಎಂಬುದು ಅದರ ತಾತ್ಪರ್ಯ. ಗುಲಾಮನಿಗೆ ರಜೆಯಿಲ್ಲ. ಬಿಡುಗಡೆ ಹೊಂದಿದವನ ಗುರುತೇ ವಿಶ್ರಾಂತಿ.

ಈ ಪಟ್ಟಿಯಲ್ಲಿ ಎತ್ತು ಕತ್ತೆಗಳಿವೆ, ಹೆಂಡತಿ ಇಲ್ಲ! "ನೀನು" ಎಂಬ ಮಾತಿನಲ್ಲೇ ಅವಳೂ ಸೇರಿದ್ದಾಳೆಂದು ಪಂಡಿತರು ಅರ್ಥ ಹೇಳುತ್ತಾರೆ. ನಮ್ಮ ಅನೇಕ ಮನೆಗಳಲ್ಲಿ ಮಾತ್ರ ಅದನ್ನು ಅಕ್ಷರಶಃ ಓದಿಕೊಂಡಂತಿದೆ.

ಪ್ರಭುವಿನ ಪುನರುತ್ಥಾನದ ದಿನವಾದ್ದರಿಂದ ಕ್ರೈಸ್ತರಾದ ನಮಗೆ ಭಾನುವಾರವೇ ಪವಿತ್ರ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಸತ್ಯೋಪದೇಶ ಗ್ರಂಥ ಈ ದಿನದ ಬಗ್ಗೆ ಹೇಳುವಾಗ, ಇತರರು ಅದನ್ನು ಆಚರಿಸಲು ಅಡ್ಡಿಯಾಗುವಂಥ ಅನಗತ್ಯ ಕೆಲಸವನ್ನು ಅವರ ಮೇಲೆ ಹೊರಿಸಬಾರದೆಂದು ಎಚ್ಚರಿಸುತ್ತದೆ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೂ ಈ ಮಾತು ಅನ್ವಯಿಸುತ್ತದೆ. ಅವಳು ಯಾವ ಧರ್ಮದವಳೇ ಆಗಿರಲಿ.

"ಸ್ವಾಮಿ, ಹೇಳುವುದು ಸುಲಭ, ಮನೆ ನಡೆಯಬೇಕಲ್ಲ" ಎನ್ನುವವರಿದ್ದಾರೆ. ನಿಜವೇ. ಮಾರ್ಕನ ಶುಭಸಂದೇಶದ 6ನೆಯ ಅಧ್ಯಾಯ ತೆರೆದು ನೋಡಿ. ಸೇವೆ ಮುಗಿಸಿ ಬಂದ ಪ್ರೇಷಿತರಿಗೆ ಜನರ ನೂಕುನುಗ್ಗಲಿನಲ್ಲಿ ಊಟಕ್ಕೂ ಪುರುಸೊತ್ತಿಲ್ಲ. ಯೇಸುಸ್ವಾಮಿ ಅವರನ್ನು ಏಕಾಂತ ಸ್ಥಳಕ್ಕೆ, ಸ್ವಲ್ಪ ದಣಿವಾರಿಸಿಕೊಳ್ಳಲು ಕರೆದರು. ದೋಣಿ ಹತ್ತಿ ಹೊರಟರು. ಆದರೆ ಜನರು ದಡದ ಮೇಲೆ ಓಡಿಬಂದು ಅವರಿಗಿಂತ ಮೊದಲೇ ಅಲ್ಲಿ ಸೇರಿದ್ದರು! ಸ್ವಾಮಿ ಗದರಲಿಲ್ಲ, ಕನಿಕರಪಟ್ಟರು. ಅಂದೇ ಐದು ಸಾವಿರ ಗಂಡಸರಿದ್ದ ಆ ಗುಂಪಿಗೆ ಊಟವನ್ನೂ ಕೊಟ್ಟರು. ಪ್ರೇಷಿತರಿಗೆ ದೊರೆತ ವಿಶ್ರಾಂತಿ ಆ ದೋಣಿಯ ಪ್ರಯಾಣವಷ್ಟೇ ಇದ್ದೀತು. ನಮ್ಮ ಮನೆಗಳಲ್ಲೂ ಹಲವು ದಿನ ಅಷ್ಟೇ ದೊರೆಯುತ್ತದೆ. ಆದರೆ ಕರೆದವರು ಸ್ವಾಮಿಯೇ, ಜೊತೆಗಿದ್ದವರೂ ಅವರೇ. ಇವರ ದಣಿವನ್ನು ಕಂಡವರು ಒಬ್ಬರಿದ್ದರು ಎಂಬುದು ಸಣ್ಣ ಸಂಗತಿಯಲ್ಲ. ನಿಮ್ಮ ಮನೆಯ ತಾಯಿಯ ದಣಿವನ್ನು ಯಾರು ಕಂಡಿದ್ದಾರೆ?

ಮುಂದೆ ಆ ತಾಯಿಯ ಮನೆಗೆ ಹೋದಾಗ ಇದನ್ನೇ ಅವರ ಯಜಮಾನರೊಡನೆ ಮಾತಾಡಿದೆ. ಅವರು ಮೊದಲು ನಕ್ಕರು, ಆಮೇಲೆ ಸುಮ್ಮನಾದರು. ಈಗ ಆ ಮನೆಯಲ್ಲಿ ಶನಿವಾರ ಸಂಜೆಯೇ ಎಲ್ಲರೂ ಕುಳಿತು ಬೆಳ್ಳುಳ್ಳಿ ಬಿಡಿಸಿ ಮಸಾಲೆ ಸಿದ್ಧಪಡಿಸುತ್ತಾರೆ. ಭಾನುವಾರ ಮಧ್ಯಾಹ್ನದ ಪಾತ್ರೆಗಳು ಗಂಡಸರ ಪಾಲು. ಮೊದಲ ವಾರ ಎರಡು ಗಾಜಿನ ಲೋಟ ಒಡೆದವು, ಅಜ್ಜಿ ಗೊಣಗಿದರು. ಆ ಸಂಜೆ ತಾಯಿ ಜಪಸರದ ಐದೂ ರಹಸ್ಯಗಳನ್ನು ಎಚ್ಚರವಾಗಿದ್ದೇ ಮುಗಿಸಿದರಂತೆ. ತೂಕಡಿಸಿದವರು ಯಜಮಾನರು.