ಪೊಟರೆ ಮರವೂ ಮಂಗಟ್ಟೆಯೂ

ಸದಸ್ಯ ಬಾಂಧವರು ಮರಗಸಿಗೆ ಆಳು ಗೊತ್ತುಮಾಡುವ ಮುನ್ನ ಒಂದು ವಿಷಯ ಅರಿಕೆ ಮಾಡಬೇಕಾಗಿದೆ. ಪಶ್ಚಿಮ ಘಟ್ಟಗಳಲ್ಲಲ್ಲದೆ ಬೇರೆಲ್ಲೂ ಇಲ್ಲದ ಮಲಬಾರ್ ಬೂದು ಮಂಗಟ್ಟೆ ತಾನಾಗಿ ಮರ ಕೊರೆಯಲಾರದು; ಹಳೆಯ ಮರದ ಪೊಟರೆಯೇ ಅದಕ್ಕೆ ಮನೆ. ಬೇಸಗೆಯಲ್ಲಿ ಹೆಣ್ಣು ಒಳಸೇರಿ, ಬಾಯಿಗೆ ಹಿಕ್ಕೆ ಮೆತ್ತಿ, ಕಿರಿದಾದ ಸೀಳು ಮಾತ್ರ ಬಿಡುತ್ತದೆ. ಸುಮಾರು ಮೂರು ತಿಂಗಳು ಗಂಡು ತಂದ ಹಣ್ಣುಹುಳುವೇ ಒಳಗಿನವರಿಗೆ ಗತಿ. ನಮ್ಮ ಕತ್ತಿ ಕೊಡಲಿಗಳು ಮೇಲೇಳುವುದೂ ಅದೇ ಕಾಲದಲ್ಲಿ!

ಕೆಲವು ವರ್ಷಗಳ ಹಿಂದೆ ಮಾರ್ಚಿಯಲ್ಲಿ ಟೊಳ್ಳು ಮತ್ತಿಮರವೊಂದನ್ನು ಸೌದೆಗೆಂದು ಉರುಳಿಸಿದೆವು. ಒಳಗಿದ್ದ ಮರಿಗಳು ಉಳಿಯಲಿಲ್ಲ. ಗಂಡು ಮಾತ್ರ ಕೊಕ್ಕಿನಲ್ಲಿ ಹಣ್ಣು ಹಿಡಿದು ಎರಡು ದಿನ ಅಲ್ಲೇ ಸುತ್ತಿತು.

ಮೆಣಸಿನ ಬಳ್ಳಿಗೂ ನಾಟಕ್ಕೂ ಸಿಲ್ವರ್ ಓಕ್ ಅನುಕೂಲವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ, ನಮ್ಮಲ್ಲೂ ಇದೆ. ಆದರೆ ಅದರಲ್ಲಿ ಹಕ್ಕಿ ತಿನ್ನುವ ಹಣ್ಣಿಲ್ಲ. ಅತ್ತಿ, ಬಸರಿ, ಗೋಣಿ ಮರಗಳನ್ನು ಬಿಟ್ಟುಕೊಳ್ಳಿ. ಬುಡದಲ್ಲಿ ಹಿಕ್ಕೆ, ಬೀಜ ಬಿದ್ದಿರುವ ಪೊಟರೆ ಮರಕ್ಕೆ ಸುಣ್ಣದ ಪಟ್ಟೆ ಬಳಿದು ಗಸಿಯವರಿಗೆ ಮೊದಲೇ ತೋರಿಸಿರಿ. ಲೈನ್‌ಮನೆಯ ಮೇಲೆ ವಾಲಿದ ಮರವನ್ನು ತೆಗೆಯಲೇಬೇಕೆಂದಿದ್ದರೆ, ಹೆಣ್ಣು ಗೂಡು ಸೇರುವ ಮೊದಲೇ, ಕೊಯ್ಲಿನ ನಡುವೆ ಬಿಡುವು ಮಾಡಿಕೊಂಡು ತೆಗೆಸಿರಿ.