ತೆರೆಯುವ ಮೊದಲು ಪ್ರಶ್ನೆ, ಮುಚ್ಚಿದ ಮೇಲೆ ಕೆಲಸ

ಪಾಲಕರ ಸಭೆ ಮುಗಿದು ಎಲ್ಲರೂ ಎದ್ದು ಹೊರಡುವಾಗ ಯಾರಾದರೊಬ್ಬರು ಹಿಂದೆ ಉಳಿದು ಕೇಳುತ್ತಾರೆ: "ಸಾರ್, ಮಕ್ಕಳಿಗೆ ಒಳ್ಳೇ ವೆಬ್‌ಸೈಟ್ ಯಾವ್ದಾದ್ರೂ ಇದ್ರೆ ಹೇಳ್ರಿ. ಹೆಂಗಿದ್ರೂ ಮೊಬೈಲ್ ಹಿಡ್ಕೊಂಡೇ ಕೂತಿರ್ತಾನೆ." ಹೆಸರು ಹೇಳುವುದೇನೂ ಕಷ್ಟವಲ್ಲ, ಒಂದು ಹಾಳೆ ತುಂಬಾ ಬರೆದುಕೊಡಬಹುದು. ಆದರೆ ಆ ಹಾಳೆ ಮನೆಯ ಗೋಡೆ ಸೇರುತ್ತದೆ, ಹುಡುಗ ಮತ್ತೆ ರೀಲ್ಸ್ ನೋಡುತ್ತಾನೆ. ಒಳ್ಳೆಯ ತಾಣ ಸಿಗುವುದು ಅರ್ಧ ಕೆಲಸ, ಅದನ್ನು ಬಳಸುವ ಬಗೆ ಉಳಿದರ್ಧ. ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ, ಗಣಿತ ಹೇಳಿಕೊಡುತ್ತಾ ನನಗೆ ದಕ್ಕಿದ ಪಾಠಗಳು ಇವು.

1. ಪ್ರಶ್ನೆ ಮೊದಲು, ಪರದೆ ಆಮೇಲೆ

ವಿದ್ಯುತ್ ಪಾಠದ ದಿನ ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆಯುತ್ತೇನೆ: ಒಂದೇ ಥರದ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿದರೆ ಯಾವುದು ಹೆಚ್ಚು ಬೆಳಗುತ್ತದೆ? ಎಲ್ಲರೂ ತಮ್ಮ ಊಹೆಯನ್ನು ನೋಟ್‌ಬುಕ್ಕಿನಲ್ಲಿ ಬರೆದು ಪೆನ್ನು ಕೆಳಗಿಡುವವರೆಗೆ ಪ್ರೊಜೆಕ್ಟರ್ ಹಚ್ಚುವುದಿಲ್ಲ. ಬ್ಯಾಟರಿಗೆ ಹತ್ತಿರ ಇರುವ ಬಲ್ಬೇ ಜೋರು ಎಂದು ಬರೆಯುವವರು ಬಹಳ. ಮೊದಲನೆಯದು ಒಂದಿಷ್ಟು ಕರೆಂಟ್ ತಿಂದುಬಿಡುತ್ತದೆ, ಮಿಕ್ಕಿದ್ದು ಎರಡನೆಯದಕ್ಕೆ ಎಂಬುದು ಅವರ ಲೆಕ್ಕ.

ಆಮೇಲೆ ಫೆಟ್ ತಾಣ. ಭೌತವಿಜ್ಞಾನದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆ ಇದು. ಇದರಲ್ಲಿ ಬ್ಯಾಟರಿ, ತಂತಿ, ಬಲ್ಬುಗಳನ್ನು ಎಳೆದು ತಂದು ನಾವೇ ಮಂಡಲ ಕಟ್ಟಬಹುದು. ತಂತಿಯೊಳಗೆ ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ಓಡುತ್ತವೆ. ಮೊದಲ ಬಲ್ಬಿನ ಹಿಂದೆ ಎಷ್ಟು ವೇಗವೋ ಎರಡನೆಯದರ ಮುಂದೆಯೂ ಅಷ್ಟೇ ವೇಗ. ಎರಡು ಬಲ್ಬೂ ಸಮ, ಎರಡೂ ಮಂಕು. ತಾವೇ ಬರೆದ ಊಹೆ ಎದುರಿಗೆ ಇರುವುದರಿಂದ ಮಕ್ಕಳು ಅಲ್ಲೇ ವಾದಕ್ಕೆ ಇಳಿಯುತ್ತಾರೆ. ಊಹೆ ಬರೆಸದೆ ನೇರವಾಗಿ ತೋರಿಸಿದರೆ "ಹ್ಞೂಂ ಸಾರ್, ಗೊತ್ತಿತ್ತು" ಎಂದು ಸುಮ್ಮನಾಗುತ್ತಾರೆ.

ಪರದೆ ಆರಿಸಿದ ಮೇಲೆ ಟಾರ್ಚಿನ ಬಲ್ಬು, ಸೆಲ್, ತಂತಿ ಹೊರಗೆ ಬರಬೇಕು. ಸಿಮ್ಯುಲೇಶನ್ನಿನಲ್ಲಿ ತಂತಿ ಸಡಿಲವಾಗುವುದಿಲ್ಲ, ಸೆಲ್ ಸವೆಯುವುದಿಲ್ಲ. ಮೇಜಿನ ಮೇಲೆ ಎರಡೂ ಆಗುತ್ತವೆ, ಏಕೆ ಉರಿಯಲಿಲ್ಲ ಎಂದು ಹುಡುಕುವುದೂ ಪಾಠವೇ.

2. ಮಾಡಿಸುವ ತಾಣಕ್ಕೆ ಮೊದಲ ಮಣೆ

ಅರವಿಂದ ಗುಪ್ತಾ ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರ್. ಮಧ್ಯಪ್ರದೇಶದ ಹೋಶಂಗಾಬಾದ್ ವಿಜ್ಞಾನ ಕಾರ್ಯಕ್ರಮದ ನಂಟಿನಿಂದ ಆಟಿಕೆ ಮಾಡುವ ದಾರಿ ಹಿಡಿದವರು, 2018ರಲ್ಲಿ ಪದ್ಮಶ್ರೀ ಪಡೆದವರು. ಬಿಸಾಡುವ ವಸ್ತುಗಳಿಂದ ಆಟಿಕೆ ಮಾಡುವ ವಿಡಿಯೊ, ಚಿತ್ರಗಳು ಅವರ ತಾಣದಲ್ಲಿ ರಾಶಿ ಇವೆ, ಎಲ್ಲವೂ ಪುಕ್ಕಟೆ.

ನಾನು ಪ್ರತಿವರ್ಷ ಮಾಡಿಸುವುದು ಬೆಂಕಿಕಡ್ಡಿಯ ಆಕೃತಿಗಳು. ಸೈಕಲ್ ಶಾಪಿನಲ್ಲಿ ಸಿಗುವ ವಾಲ್ ಟ್ಯೂಬನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಕಡ್ಡಿಯ ಮದ್ದು ಕೆರೆದು, ಎರಡು ಕಡ್ಡಿಗಳನ್ನು ಒಂದು ತುಂಡಿನಿಂದ ಸೇರಿಸುವುದು. ನಾಲ್ಕು ಕಡ್ಡಿಯ ಚೌಕ ಮಾಡಿ ಬೆರಳಿನಿಂದ ಒತ್ತಿದರೆ ವಾಲಿ ವಜ್ರಾಕೃತಿ ಆಗುತ್ತದೆ. ಮೂರು ಕಡ್ಡಿಯ ತ್ರಿಕೋನ ಎಷ್ಟು ಒತ್ತಿದರೂ ಆಕಾರ ಬಿಡುವುದಿಲ್ಲ. ಚೌಕಕ್ಕೆ ಒಂದು ಕರ್ಣ ಕೊಟ್ಟರೆ ಅದೂ ಗಟ್ಟಿ, ಏಕೆಂದರೆ ಈಗ ಅದು ಎರಡು ತ್ರಿಕೋನ. ಹೈಟೆನ್ಶನ್ ಲೈನಿನ ಟವರಿನಲ್ಲಿ ಅಷ್ಟೊಂದು ತ್ರಿಕೋನ ಯಾಕೆ ಎಂದು ಆಮೇಲೆ ಯಾರೂ ವಿವರಿಸಬೇಕಿಲ್ಲ. ಇಲ್ಲಿ ವಿಡಿಯೊ ನೋಡುವುದಕ್ಕೆ ಹಿಡಿಯುವುದು ಎರಡು ನಿಮಿಷ, ಕೈಕೆಲಸಕ್ಕೆ ಒಂದು ಪೀರಿಯಡ್. ಸಮಯ ಹೀಗೇ ಹಂಚಿಹೋಗಬೇಕು.

3. ಓದುವ ಮಟ್ಟ ನೋಡಿ, ತರಗತಿಯನ್ನಲ್ಲ

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ನಾಲ್ಕು ಹಂತಗಳಲ್ಲಿವೆ. ಮೊದಲ ಹಂತದಲ್ಲಿ ಒಂದು ಪುಟಕ್ಕೆ ಒಂದೆರಡು ಸಣ್ಣ ವಾಕ್ಯ, ನಾಲ್ಕನೆಯದಕ್ಕೆ ಬಂದರೆ ಸರಾಗವಾಗಿ ಓದುವವರಿಗೆ ತಕ್ಕ ಕಥೆಗಳು. ಎಂಟನೇ ತರಗತಿಗೆ ಬಂದರೂ ಒತ್ತಕ್ಷರ ಬಂದಲ್ಲಿ ತಡವರಿಸುವ ಹುಡುಗನ ಕೈಗೆ ಎರಡನೇ ತರಗತಿಯ ಪುಸ್ತಕ ಕೊಟ್ಟರೆ ಅವನು ತಲೆ ತಗ್ಗಿಸುತ್ತಾನೆ. ಅದೇ ಹಂತದ ಕಥೆಯನ್ನು ಪರದೆಯ ಮೇಲೆ ಓದುವಾಗ ಯಾವ ತರಗತಿಯದು ಎಂದು ಪಕ್ಕದವನಿಗೆ ತಿಳಿಯುವುದಿಲ್ಲ. ಮೊದಲ ಹಂತದಿಂದ ಹತ್ತಿಸಿಕೊಂಡು ಬಂದರೆ ವಿಜ್ಞಾನದ ಪಾಠವೂ ಓದಲು ಬರುತ್ತದೆ.

ಈ ಕಥೆಗಳನ್ನು ಮುದ್ರಿಸಿ ಹಂಚಲು, ಬೇರೆ ಭಾಷೆಗೆ ತರಲು, ಬದಲಿಸಲು ಪರವಾನಗಿ ಮುಕ್ತವಾಗಿದೆ, ಮೂಲದವರ ಹೆಸರು ಹಾಕಿದರಾಯಿತು. ಹಾಗಾಗಿ ಒಂದು ಕಥೆಯನ್ನು ಊರಿನ ಮಾತಿನಲ್ಲಿ ಮತ್ತೆ ಬರೆಯಿರಿ ಎಂದು ಮಕ್ಕಳಿಗೆ ಕೊಡಬಹುದು. ಸ್ವಂತ ಪ್ರಬಂಧ ಎಂದರೆ ಎರಡು ಸಾಲಿಗೆ ನಿಲ್ಲುವವರು ಇದನ್ನು ಪುಟಗಟ್ಟಲೆ ಬರೆಯುತ್ತಾರೆ.

4. ಚೀಲದೊಳಗಿನ ತಾಣವನ್ನು ಮರೆಯಬೇಡಿ

ಪಠ್ಯಪುಸ್ತಕದ ಪಾಠಗಳ ಜೊತೆ ಅಚ್ಚಾಗಿರುವ ಕಪ್ಪು ಬಿಳುಪಿನ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿದರೆ ದೀಕ್ಷಾ ವೇದಿಕೆ ತೆರೆಯುತ್ತದೆ. ಕೇಂದ್ರ ಸರ್ಕಾರ 2017ರಲ್ಲಿ ತಂದದ್ದು ಇದು. ಆ ಪಾಠಕ್ಕೇ ಸಂಬಂಧಿಸಿದ ಸಾಮಗ್ರಿ ಬರುವುದರಿಂದ ಹುಡುಕಾಟದ ತಲೆನೋವಿಲ್ಲ. ಎಲ್ಲ ವಿಡಿಯೊಗಳೂ ಒಂದೇ ಗುಣಮಟ್ಟದವಲ್ಲ, ಮೊದಲು ನೀವು ನೋಡಿ ಆರಿಸಿ. ಗಣಿತವನ್ನು ಹೆಜ್ಜೆಹೆಜ್ಜೆಯಾಗಿ ಅಭ್ಯಾಸ ಮಾಡಲು ಖಾನ್ ಅಕಾಡೆಮಿ ಕನ್ನಡದಲ್ಲೂ ಇದೆ. ಇಂಗ್ಲಿಷ್ ಪದ ಅಡ್ಡ ಬಂದಾಗ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿಯ ನಿಘಂಟುಗಳಿವೆ, ಕನ್ನಡ ಪದದ ಇಂಗ್ಲಿಷ್ ಅರ್ಥ ಬೇಕಾದರೆ ವಿ. ಕೃಷ್ಣ ಅವರು ದಶಕಗಳ ಕಾಲ ಕೂಡಿಸಿದ ಅಲರ್ ನಿಘಂಟಿದೆ.

5. ಉತ್ತರದ ಬೆನ್ನಿಗೆ ಇನ್ನೊಂದು ಪ್ರಶ್ನೆ ಕೊಡುವ ತಾಣ ಹುಡುಕಿ

ನಾಲ್ಕು ಅಂಕಿಯ ಒಂದು ಸಂಖ್ಯೆ ಬರೆಯಿರಿ, ಎಲ್ಲ ಅಂಕಿಯೂ ಒಂದೇ ಆಗಿರಬಾರದು. 3524 ಎಂದಿಟ್ಟುಕೊಳ್ಳಿ. ಅಂಕಿಗಳನ್ನು ಇಳಿಕೆ ಕ್ರಮದಲ್ಲಿಟ್ಟು, ಅದರಿಂದ ಏರಿಕೆ ಕ್ರಮದ ಸಂಖ್ಯೆ ಕಳೆಯಿರಿ: 5432 − 2345 = 3087. ಮತ್ತೆ ಅದೇ ಕೆಲಸ: 8730 − 0378 = 8352. ಮತ್ತೆ: 8532 − 2358 = 6174. ಈಗ 7641 − 1467 ಮಾಡಿದರೆ ಪುನಃ 6174. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಸುತ್ತಿನಲ್ಲಿ ಇಲ್ಲಿಗೇ ಬರುತ್ತೇವೆ. ಇದನ್ನು ಕಂಡುಹಿಡಿದ ಡಿ. ಆರ್. ಕಾಪ್ರೇಕರ್ ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದವರು.

ಮೂರು ಅಂಕಿಗೆ ಇದೇ ಆಟ ಆಡಿದರೆ 495 ಬರುತ್ತದೆ. ಇಷ್ಟನ್ನು ಮಕ್ಕಳು ಹಾಳೆಯಲ್ಲಿ ಮಾಡಿದ ಮೇಲೆ ಓಇಐಎಸ್ ತಾಣ ತೆರೆಯುತ್ತೇವೆ. ನೀಲ್ ಸ್ಲೋನ್ 1964ರಲ್ಲಿ ಕೈಯಲ್ಲಿ ಕೂಡಿಡಲು ಶುರುಮಾಡಿದ ಸಂಖ್ಯಾಶ್ರೇಣಿಗಳ ಕೋಶ ಅದು, 1996ರಿಂದ ಅಂತರ್ಜಾಲದಲ್ಲಿದೆ. ಹುಡುಕುವ ಜಾಗದಲ್ಲಿ 495, 6174 ಎಂದು ಹಾಕಿದರೆ ಮುಂದಿನವು 549945, 631764 ಎಂದು ತೋರಿಸುತ್ತದೆ. ತಕ್ಷಣ ಯಾರಾದರೂ ಕೇಳುತ್ತಾರೆ: ಐದು ಅಂಕಿಯದು ಎಲ್ಲಿ ಹೋಯಿತು? ಆ ಸಾಲಿನಲ್ಲಿ ಅದು ಇಲ್ಲ, ಮಕ್ಕಳು ಹಾಳೆಗೆ ವಾಪಸು ಬರುತ್ತಾರೆ. ಐದು ಅಂಕಿಯ ಸಂಖ್ಯೆಗಳು ಒಂದೆಡೆ ನಿಲ್ಲದೆ ಸುತ್ತುಗಟ್ಟಿ ತಿರುಗುತ್ತವೆ ಎಂಬುದನ್ನು ಅವರೇ ಕಂಡುಕೊಳ್ಳಲಿ. ರೇಖಾಗಣಿತಕ್ಕೆ ಇದೇ ಗುಣದ ಇನ್ನೊಂದು ತಾಣ ಜಿಯೊಜೀಬ್ರಾ. ತ್ರಿಕೋನದ ಒಂದು ಮೂಲೆ ಹಿಡಿದು ಎಳೆದಂತೆಲ್ಲ ಯಾವುದು ಬದಲಾಗುತ್ತದೆ, ಯಾವುದು ಬದಲಾಗದೆ ಉಳಿಯುತ್ತದೆ ಎಂದು ನೋಡುತ್ತಾ ಕೂರಬಹುದು.

6. ಮಕ್ಕಳನ್ನು ಅಂಗಳಕ್ಕೆ ಕಳಿಸುವ ತಾಣ ಬಿಡಬೇಡಿ

ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಹಾಗಾಗಿ ನಮ್ಮ ಪ್ರತಿ ಊರಿನಲ್ಲೂ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬಂದು, ನೆಟ್ಟಗೆ ನಿಂತ ಕಂಬದ ನೆರಳು ಕ್ಷಣಕಾಲ ಬುಡದಲ್ಲೇ ಅಡಗುತ್ತದೆ. ನಿಮ್ಮ ಊರಿಗೆ ಆ ದಿನ ಯಾವುದು, ಎಷ್ಟು ಗಂಟೆಗೆ ಎಂದು ಭಾರತೀಯ ಖಗೋಳ ಸಂಘ ಒದಗಿಸಿರುವ ಶೂನ್ಯ ನೆರಳಿನ ನಕ್ಷೆ ಹೇಳುತ್ತದೆ.

ಬೆಂಗಳೂರಿನಲ್ಲಿ ಇದು ಏಪ್ರಿಲ್ 24ರ ಆಸುಪಾಸು, ಮತ್ತೆ ಆಗಸ್ಟ್ 18ರ ಆಸುಪಾಸು. ಏಪ್ರಿಲ್‌ನಲ್ಲಿ ನಮಗೆ ಬೇಸಿಗೆ ರಜೆ. ಚಿತ್ರದುರ್ಗದ ಕಡೆಗೆ ಎರಡನೆಯದು ಆಗಸ್ಟ್ 14ಕ್ಕೆ ಹೊಂದುತ್ತದೆ, ಮಧ್ಯಾಹ್ನ ಹನ್ನೆರಡೂವರೆಯ ಸುಮಾರಿಗೆ. ಸ್ವಾತಂತ್ರ್ಯ ದಿನದ ತಯಾರಿಗೆ ಎಲ್ಲರೂ ಮೈದಾನದಲ್ಲೇ ಇರುತ್ತಾರೆ, ಧ್ವಜಕಟ್ಟೆ ತೊಳೆದು ಸುಣ್ಣ ಬಳಿದಿರುತ್ತದೆ. ಧ್ವಜಕಂಬಕ್ಕಿಂತ ಒಳ್ಳೆಯ ಉಪಕರಣ ಬೇಕೆ? ಹನ್ನೆರಡರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕಿಸುತ್ತೇನೆ. ಪಶ್ಚಿಮದ ಕಡೆಯಿಂದ ಗುರುತುಗಳು ಕಂಬದತ್ತ ಬರುತ್ತವೆ, ನೆರಳು ಬುಡ ಸೇರುತ್ತದೆ, ಆಮೇಲೆ ಪೂರ್ವಕ್ಕೆ ಹೊರಡುತ್ತದೆ. ಮೋಡ ಮುಚ್ಚಿದರೆ ಮರುದಿನ ನೋಡಬಹುದು, ನೆರಳಿನಲ್ಲಿ ಹೆಚ್ಚು ವ್ಯತ್ಯಾಸ ಇರುವುದಿಲ್ಲ.

ಬೆಂಗಳೂರು, ಮಂಗಳೂರು ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, ಆದ್ದರಿಂದ ಎರಡಕ್ಕೂ ದಿನ ಒಂದೇ. ಆದರೆ ಮಂಗಳೂರಿನಲ್ಲಿ ಸುಮಾರು ಹನ್ನೊಂದು ನಿಮಿಷ ತಡ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ, ಎರಡೂ ಊರಿನ ರೇಖಾಂಶಗಳ ನಡುವೆ ಎರಡೂಮುಕ್ಕಾಲು ಡಿಗ್ರಿ ಅಂತರ. ಲೆಕ್ಕ ಮಕ್ಕಳೇ ಮಾಡಬಲ್ಲರು. ಮಂಗಳೂರಿನಲ್ಲಿ ನೆಂಟರಿರುವವರು ಫೋನ್ ಮಾಡಿ ತಾಳೆ ನೋಡಬಹುದು. ರಾತ್ರಿಯ ಆಕಾಶಕ್ಕೆ ಸ್ಟೆಲೇರಿಯಮ್ ತಾಣವಿದೆ. ಇಂದು ಸಂಜೆ ಯಾವ ಗ್ರಹ ಯಾವ ದಿಕ್ಕಿನಲ್ಲಿದೆ ಎಂದು ನೋಡಿಕೊಂಡು ಮೊಬೈಲ್ ಒಳಗಿಟ್ಟು ಮಾಳಿಗೆ ಹತ್ತುವುದು.

7. ಪಡೆಯುವುದರ ಜೊತೆಗೆ ಕೊಡುವುದೂ ಇರಲಿ

ಗ್ಯಾಲಕ್ಸಿ ಝೂ ಎಂಬ ತಾಣ 2007ರಲ್ಲಿ ಶುರುವಾದಾಗ ಸಾಮಾನ್ಯ ಜನ ದೂರದರ್ಶಕದ ಚಿತ್ರಗಳನ್ನು ನೋಡಿ ಗೆಲಾಕ್ಸಿಗಳ ಆಕಾರ ಗುರುತಿಸಿಕೊಟ್ಟರು. ಅದೇ ವರ್ಷ ಹ್ಯಾನಿ ವಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ ಚಿತ್ರವೊಂದರಲ್ಲಿ ವಿಚಿತ್ರ ಬಣ್ಣದ ಮೋಡ ಕಂಡು ಇದೇನು ಎಂದು ಕೇಳಿದರು. ವಿಜ್ಞಾನಿಗಳು ಬೆನ್ನುಹತ್ತಿದರು, ಇಂದು ಆ ಮೋಡಕ್ಕೆ ಹ್ಯಾನಿಯ ಹೆಸರೇ ಇದೆ.

ಗೆಲಾಕ್ಸಿಯೇ ಆಗಬೇಕೆಂದಿಲ್ಲ, ಶಾಲೆಯ ಹುಣಸೆಮರ ಸಾಕು. ಸೀಸನ್‌ವಾಚ್ ಯೋಜನೆಯಲ್ಲಿ ಮಕ್ಕಳು ಒಂದು ಮರ ಆರಿಸಿಕೊಂಡು, ಚಿಗುರು, ಹೂವು, ಕಾಯಿ ಇಲ್ಲವೋ, ಸ್ವಲ್ಪವೋ, ಬಹಳವೋ ಎಂದು ನಿಯಮಿತವಾಗಿ ದಾಖಲಿಸುತ್ತಾರೆ. "ಹೂವೇ ಇಲ್ಲ ಸಾರ್, ಏನು ಬರೀಲಿ?" ಎನ್ನುವವರಿಗೆ "ಇಲ್ಲ ಅಂತ ಬರಿ" ಎನ್ನುತ್ತೇನೆ. ಇಲ್ಲ ಎಂಬುದೂ ಮಾಹಿತಿ ಎನ್ನುವುದು ವಿಜ್ಞಾನದಲ್ಲಿ ದೊಡ್ಡ ಪಾಠ, ಹುಣಸೆಮರ ಅದನ್ನು ಸುಲಭವಾಗಿ ಕಲಿಸುತ್ತದೆ.

8. ನೆಟ್‌ವರ್ಕ್ ನಂಬಿ ಪಾಠ ಇಟ್ಟುಕೊಳ್ಳಬೇಡಿ

ಮಧ್ಯಾಹ್ನ ಕರೆಂಟ್ ಹೋಗುತ್ತದೆ, ಮೇಷ್ಟ್ರ ಹಾಟ್‌ಸ್ಪಾಟ್ ಒಂದೇ ಗೆರೆ ತೋರಿಸುತ್ತದೆ. ಫೆಟ್ ಸಿಮ್ಯುಲೇಶನ್ನುಗಳನ್ನು ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆ ನಡೆಯುತ್ತವೆ. ಕಿವಿಕ್ಸ್ ಎಂಬ ತಂತ್ರಾಂಶದಿಂದ ಕನ್ನಡ ವಿಕಿಪೀಡಿಯಾ ಪೂರ್ತಿಯಾಗಿ ಪೆನ್‌ಡ್ರೈವಿನಲ್ಲಿ ಕೂರುತ್ತದೆ. ಕೊಲಿಬ್ರಿ ಎಂಬ ತಂತ್ರಾಂಶ ಹಾಕಿದ ಒಂದು ಹಳೆಯ ಲ್ಯಾಪ್‌ಟಾಪ್ ಇದ್ದರೆ ಖಾನ್ ಅಕಾಡೆಮಿಯ ಪಾಠಗಳನ್ನೂ ಹಾಗೇ ಬಳಸಬಹುದು. ಊರಿನ ಗ್ರಂಥಾಲಯದವರನ್ನು, ಈಗಿನ ಅರಿವು ಕೇಂದ್ರದವರನ್ನು, ಪರಿಚಯ ಮಾಡಿಕೊಳ್ಳಿ. ಮನೆಯಲ್ಲಿ ಸ್ಮಾರ್ಟ್‌ಫೋನ್ ಇಲ್ಲದ ಮಕ್ಕಳಿಗೆ ಅಲ್ಲಿ ಕಂಪ್ಯೂಟರ್ ಸಿಕ್ಕೀತು.

9. ಒಂದು ಪರದೆಗೆ ನಾಲ್ವರನ್ನು ಕೂರಿಸಿ

ದೆಹಲಿಯ ಕಾಲ್ಕಾಜಿಯಲ್ಲಿ 1999ರಲ್ಲಿ ಸುಗತ ಮಿತ್ರ ಗೋಡೆಯಲ್ಲೊಂದು ಕಂಡಿ ಕೊರೆಸಿ ಕಂಪ್ಯೂಟರ್ ಇಟ್ಟರು. ಕೊಳೆಗೇರಿಯ ಮಕ್ಕಳು ಗುಂಪುಗೂಡಿ ತಾವೇ ಅದರ ಬಳಕೆ ಕಲಿತರು. ಕಂಪ್ಯೂಟರ್ ಕಡಿಮೆ ಇವೆ ಎಂದು ಕೊರಗುವವರು ಇದನ್ನು ನೆನೆಯಬೇಕು. ನಮ್ಮಲ್ಲಿ ಒಬ್ಬಳ ಕೈಯಲ್ಲಿ ಮೌಸ್, ಒಬ್ಬ ಗಟ್ಟಿಯಾಗಿ ಓದಬೇಕು, ಒಬ್ಬ ಬರೆಯಬೇಕು, ನಾಲ್ಕನೆಯವಳ ಕೆಲಸ "ಹೆಂಗೆ ಹೇಳ್ತೀ?" ಎಂದು ತಕರಾರು ತೆಗೆಯುವುದು. ಸ್ವಲ್ಪ ಹೊತ್ತಿಗೊಮ್ಮೆ ಜಾಗ ಅದಲುಬದಲು. ಮನೆಯಲ್ಲಾದರೆ ನಾಲ್ಕನೆಯ ಪಾತ್ರ ಅಪ್ಪನದೋ ಅಮ್ಮನದೋ. ಅದಕ್ಕೆ ಓದು ಬರಹ ಬರಲೇಬೇಕೆಂದಿಲ್ಲ.

10. ಪುಕ್ಕಟೆ ಎಂದ ಕೂಡಲೇ ನಂಬರ್ ಕೊಡಬೇಡಿ

ತಾಣ ನಡೆಸುವವರು ಯಾರು, ಖರ್ಚು ಎಲ್ಲಿಂದ, ಮಗುವಿನ ಬಗ್ಗೆ ಏನೇನು ಕೇಳುತ್ತಾರೆ: ಈ ಮೂರನ್ನು ನೋಡಿ. ವಿಶ್ವವಿದ್ಯಾಲಯವೋ, ಲಾಭ ಬಯಸದ ಸಂಸ್ಥೆಯೋ ನಡೆಸುವ ತಾಣಗಳಲ್ಲಿ ಹೆಚ್ಚಿನವು ಲಾಗಿನ್ ಇಲ್ಲದೆಯೇ ತೆರೆಯುತ್ತವೆ. ಮೊದಲ ಪುಟದಲ್ಲೇ ಅಪ್ಪನ ಮೊಬೈಲ್ ನಂಬರ್ ಕೇಳುವ ಕಡೆ, ಮರುದಿನ ಕೋರ್ಸ್ ಮಾರುವವರ ಫೋನ್ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಮಕ್ಕಳನ್ನು ಗುರಿಯಾಗಿಸಿ ಜಾಹೀರಾತು ತೋರಿಸುವಂತಿಲ್ಲ. ಕಾನೂನು ಕಾಯುವ ಮೊದಲು ನಾವೇ ಕಾಯುವುದು ಸಲೀಸು.

11. ಪಟ್ಟಿ ಗಿಡ್ಡದಾಗಿರಲಿ

ಸಣ್ಣ ಮಕ್ಕಳಿಗೆ ಸ್ಟೋರಿವೀವರ್ ಮತ್ತು ಅರವಿಂದ ಗುಪ್ತಾ ಆಟಿಕೆಗಳು ಸಾಕು. ಪ್ರೌಢಶಾಲೆಯವರಿಗೆ ಇವುಗಳ ಜೊತೆ ಫೆಟ್, ಜಿಯೊಜೀಬ್ರಾ, ಒಂದು ಮರ ಅಥವಾ ಆಕಾಶದ ತಾಣ. ತಾಣ ಮುಚ್ಚಿದ ಮೇಲೆ ನೋಟ್‌ಬುಕ್ಕಿನಲ್ಲಿ ಒಂದು ಸಾಲೋ, ಮೇಜಿನ ಮೇಲೆ ಒಂದು ಆಟಿಕೆಯೋ, ಬಾಯಲ್ಲಿ ಒಂದು ಹೊಸ ಪ್ರಶ್ನೆಯೋ ಉಳಿದಿದ್ದರೆ ಆ ತಾಣ ನಿಮ್ಮ ಮಗುವಿಗೆ ಒಗ್ಗಿದೆ ಎಂದರ್ಥ, ಅದನ್ನೇ ಮುಂದುವರಿಸಿ. ಮೂರು ವಾರವಾದರೂ ಏನೂ ಉಳಿಯದಿದ್ದರೆ ಎಷ್ಟೇ ಹೆಸರುವಾಸಿ ತಾಣವಾದರೂ ಬಿಟ್ಟು, ಬೇರೆಯದನ್ನು ಹಚ್ಚಿ.