ಗಣಕಯಂತ್ರದಲ್ಲಿ ಚಿತ್ರಲೇಖನ: ಮೊದಲನೆಯ ಪಾಠ

ಗಣಕಯಂತ್ರದಲ್ಲಿ ಚಿತ್ರ ಬರೆಯಲೆಳಸುವ ನಾವು ಮೊದಲು ಚಿತ್ರಗಳ ಎರಡು ಜಾತಿಗಳನ್ನು ಅರಿಯತಕ್ಕದ್ದು. ಬಿಂದುಚಿತ್ರವು ಎಳೆಯೆಣಿಸಿ ಹಾಕಿದ ಕಸೂತಿಯಂತೆ, ಪಿಕ್ಸೆಲ್ ಎಂಬ ಬಣ್ಣದ ಚೌಕಗಳಿಂದಾದುದು. 1996ರಲ್ಲಿ ಹೊರಬಂದ ಗಿಂಪ್ ಎಂಬ ತಂತ್ರಾಂಶವು ಇದಕ್ಕೆ ತಕ್ಕದ್ದು. ರೇಖಾಚಿತ್ರದಲ್ಲಾದರೋ ಗೆರೆಗಳು ಗಣಿತಸೂತ್ರಗಳಾಗಿ ಉಳಿಯುವವು. ಅದಕ್ಕೆ 2003ರ ಇಂಕ್‌ಸ್ಕೇಪ್ ಒದಗುವುದು. ಇವೆರಡೂ ಉಚಿತವಾಗಿ ದೊರೆಯುವವು.

ಶಾಲೆಯ ಲಾಂಛನವನ್ನು 300 ಪಿಕ್ಸೆಲ್ ಅಗಲದ ಬಿಂದುಚಿತ್ರವಾಗಿ ಬರೆದೆವೆನ್ನಿರಿ. ಒಂದು ಅಂಗುಲದ ಅಚ್ಚಿನಲ್ಲಿ ಅದು ಅಂದವಾಗಿಯೇ ಇರುವುದು. ಹತ್ತು ಅಂಗುಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ 30 ಪಿಕ್ಸೆಲ್ ಮಾತ್ರ ಉಳಿದು, ಅಂಚುಗಳು ಮೆಟ್ಟಿಲು ಮೆಟ್ಟಿಲಾಗಿ ತೋರುವವು. ರೇಖಾಚಿತ್ರಕ್ಕೆ ಈ ಭಂಗವಿಲ್ಲ. ಆದರೆ ಮುಖದ ನೆರಳುಬೆಳಕಿನ ಮೃದುತ್ವಕ್ಕೆ ಬಿಂದುಚಿತ್ರವೇ ಲೇಸು.

ಆದಕಾರಣ, ಸಹೋದರಿಯರೇ, ಚಿತ್ರವು ಎಲ್ಲಿ, ಎಷ್ಟು ಅಳತೆಯಲ್ಲಿ ಅಚ್ಚಾಗುವುದೆಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಬಳಿಕವೇ ಗೆರೆಯೆಳೆಯೋಣ.